ಮಗಳು ಸೈಕಲ್ ಕೇಳಿದಳು

ಶಾಲೆ ಶುರುವಾಗುವುದಕ್ಕೆ ಎರಡು ದಿನ ಇತ್ತು. ರಾತ್ರಿ ಊಟಕ್ಕೆ ಕೂತಾಗ ಮಗಳು ಕೇಳಿದಳು, ‘ಅಮ್ಮ, ಈ ವರ್ಷದಿಂದ ನಾನು ಸೈಕಲ್ ಮೇಲೆ ಹೋಗ್ಲಾ?’

ಅವಳೀಗ ಎಂಟನೇ ತರಗತಿ. ನಮ್ಮ ಮನೆಯಿಂದ ಶಾಲೆಗೆ ಎರಡೂವರೆ ಕಿಲೋಮೀಟರ್. ಬಳ್ಳಾರಿಯಲ್ಲಿ ಆ ಎರಡು ಗುಡ್ಡ ಬಿಟ್ಟರೆ ಉಳಿದದ್ದೆಲ್ಲ ಹೆಚ್ಚುಕಡಿಮೆ ಸಪಾಟು ನೆಲ. ಸೈಕಲ್‌ಗೆ ಹನ್ನೆರಡು ನಿಮಿಷದ ದಾರಿ. ಆದರೂ ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ‘ಬೇಡ ಕೂಸೇ, ನಾನು ಕಾರಲ್ಲಿ ಬಿಡ್ತೀನಲ್ಲ’ ಅಂದುಬಿಟ್ಟೆ. ಯಾಕೆ ಅಂತ ಅವಳು ಕೇಳಲಿಲ್ಲ. ಕೇಳಿದ್ದರೆ ‘ರಸ್ತೆಯಲ್ಲಿ ಗಾಡಿಗಳು ಜಾಸ್ತಿ’ ಅನ್ನುತ್ತಿದ್ದೆ.

ಆ ಗಾಡಿಗಳಲ್ಲಿ ನನ್ನದೂ ಒಂದು. ಇದು ಹೊಳೆದದ್ದು ಎರಡು ದಿನ ಆದ ಮೇಲೆ, ಸುಧಾ ಕ್ರಾಸ್ ರೈಲ್ವೆ ಗೇಟಿನಲ್ಲಿ.

ಗೇಟು ಬಿದ್ದರೆ ಏನಾಗುತ್ತದೆ ಅಂತ ಬಳ್ಳಾರಿಯವರಿಗೆ ಹೇಳಬೇಕಿಲ್ಲ. ಅದಿರಿನ ಗೂಡ್ಸು ಬಂತು. ಡಬ್ಬಿ ಮೇಲೆ ಡಬ್ಬಿ, ಮುಗಿಯುವುದೇ ಇಲ್ಲ. ಮಗಳು ಪಕ್ಕದಲ್ಲಿ ಕೂತು ಪಾಠ ಓದಿಕೊಳ್ಳುತ್ತಿದ್ದಳು. ನಾನು ಸುಮ್ನೆ ಮುಂದಿನ ಕಾರುಗಳನ್ನು ಎಣಿಸಿದೆ. ಹನ್ನೊಂದು ಇದ್ದವು. ಒಂಬತ್ತರಲ್ಲಿ ಡ್ರೈವರ್ ಸೀಟಿನಲ್ಲಿ ಮಾತ್ರ ತಲೆ ಕಾಣುತ್ತಿತ್ತು. ಎರಡರಲ್ಲಿ ನಮ್ಮ ಹಾಗೆ ಒಂದು ದೊಡ್ಡ ತಲೆ, ಒಂದು ಚಿಕ್ಕ ತಲೆ. ಹನ್ನೊಂದು ಕಾರು ಸೇರಿ ಹದಿಮೂರು ಜನ. ಅಷ್ಟೂ ಜನಕ್ಕೆ ಒಂದು ಬಸ್ಸಿನ ಕಾಲು ಭಾಗ ಸಾಕು.

ಎಡಕ್ಕೆ ಮೋರಿಯ ಕಲ್ಲುಚಪ್ಪಡಿ ಪಕ್ಕ ಒಂದು ಗೇಣು ಜಾಗ ಉಳಿದಿತ್ತು. ಅಲ್ಲಿ ಒಬ್ಬ ಅಜ್ಜ ಸೈಕಲ್ ಹಿಡಿದು ನಿಂತಿದ್ದರು. ಹಿಂದೆ ಕ್ಯಾರಿಯರ್‌ಗೆ ಎರಡು ಹಾಲಿನ ಕ್ಯಾನು ಕಟ್ಟಿದ್ದರು. ಒಂದು ಕಾಲು ಚಪ್ಪಡಿ ಮೇಲೆ, ಇನ್ನೊಂದು ರಸ್ತೆ ಮೇಲೆ. ಅವರ ಹಿಂದೆ ಊಟದ ಡಬ್ಬಿ ಹಿಡಿದ ನಾಲ್ಕೈದು ಹೆಣ್ಣುಮಕ್ಕಳು, ಜೀನ್ಸ್ ಹೊಲಿಯಲು ಹೋಗುವವರು. ಗೇಟು ಎದ್ದ ತಕ್ಷಣ ನಾವೆಲ್ಲ ಹಾರನ್ ಹೊಡೆದೆವು. ನಾನೂ ಹೊಡೆದೆ. ಅಜ್ಜ ಬೆಚ್ಚಿ ಸೈಕಲ್ಲನ್ನು ಇನ್ನೂ ಒಳಕ್ಕೆ ಎಳೆದುಕೊಂಡರು. ಒಂದು ಕ್ಯಾನು ಓರೆಯಾಗಿ ಮುಚ್ಚಳದ ಸಂದಿನಿಂದ ಹಾಲು ಒಸರಿತು. ಅವರು ಅದನ್ನು ಅಂಗೈಯಿಂದ ಒರೆಸಿದ್ದು ನನ್ನ ಕನ್ನಡಿಯಲ್ಲಿ ಕಂಡಿತು. ಅಷ್ಟರಲ್ಲಿ ನಾನು ಹಳಿ ದಾಟಿದ್ದೆ.

ಅವತ್ತಿನಿಂದ ಈ ವಿಚಾರ ನನ್ನನ್ನು ಬಿಟ್ಟಿಲ್ಲ.

ನಮ್ಮ ಮನೆಗೆ ಕಾರು ಯಾಕೆ ಬಂತು ಅಂತಲೂ ಹೇಳಬೇಕು. ಶೋಕಿಗೆ ಬಂದದ್ದಲ್ಲ. ಐದು ವರ್ಷದ ಹಿಂದೆ ಒಂದು ರಾತ್ರಿ ಅಪ್ಪನಿಗೆ ಎದೆನೋವು ಬಂತು. ನಮ್ಮವರು ಆಟೋ ಹುಡುಕಿಕೊಂಡು ಬೀದಿಯ ತುದಿ ತನಕ ಓಡಿದ್ದರು. ನಾನು ಬಾಗಿಲಲ್ಲಿ ಅಪ್ಪನ ಭುಜ ಹಿಡಿದು ನಿಂತಿದ್ದೆ. ಆ ಇಪ್ಪತ್ತು ನಿಮಿಷ ನಾನು ಸಾಯುವ ತನಕ ಮರೆಯಲಾರೆ. ಅಪ್ಪ ಉಳಿದರು. ಆರು ತಿಂಗಳಲ್ಲಿ ಒಂದು ಹಳೆಯ ಕಾರು ತೆಗೆದುಕೊಂಡೆವು. ಹಾಗಾಗಿ ‘ಕಾರು ಇಟ್ಟುಕೊಂಡವರೆಲ್ಲ ಸ್ವಾರ್ಥಿಗಳು’ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ವಯಸ್ಸಾದವರು, ಬಸುರಿಯರು, ಕಾಲು ಊನ ಆದವರು ಇರುವ ಮನೆಗೆ ಕಾರು ಆಸರೆ.

ಆದರೆ ಅಪ್ಪನಿಗಾಗಿ ಬಂದ ಕಾರು ಅಪ್ಪನಿಗೆ ಮಾತ್ರ ಉಳಿಯಲಿಲ್ಲ. ಮೊದಲು ಆಸ್ಪತ್ರೆಗೆ. ಆಮೇಲೆ ಮದುವೆಗಳಿಗೆ. ಆಮೇಲೆ ಆಫೀಸಿಗೆ. ಈಗ ಬೀದಿ ತುದಿಯ ಅಂಗಡಿಯಿಂದ ಮೊಸರು ತರುವುದಕ್ಕೂ ಕೈ ಕಾರಿನ ಕೀ ಕಡೆಗೇ ಹೋಗುತ್ತದೆ. ಯಾರೂ ಬಲವಂತ ಮಾಡಲಿಲ್ಲ. ಬಾಗಿಲಲ್ಲಿ ನಿಂತಿದೆ, ಅದಕ್ಕೇ ಹತ್ತುತ್ತೇವೆ. ಒಮ್ಮೆ ಹತ್ತಿ ರೂಢಿಯಾದರೆ ಬಸ್ಸು ಎಷ್ಟೊತ್ತಿಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದೆಲ್ಲ ಮರೆತುಹೋಗುತ್ತದೆ. ನನಗೆ ಪೂರ್ತಿ ಮರೆತುಹೋಗಿತ್ತು.

ನಮ್ಮ ದೇಶದಲ್ಲಿ ಕಾರಿರುವ ಮನೆಗಳು ಎಷ್ಟು ಗೊತ್ತಾ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರಕ್ಕೆ ಸುಮಾರು 8. ಸೈಕಲ್ ಇರುವ ಮನೆಗಳು ನೂರಕ್ಕೆ ಸುಮಾರು 50. ರಸ್ತೆ ಮಾಡುವಾಗ ಆ 8 ಮನೆಗಳ ಲೆಕ್ಕ ಮೊದಲು ಬರುತ್ತದೆ. ಹಾಲಿನ ಅಜ್ಜನಿಗೆ ಮೋರಿಯ ಚಪ್ಪಡಿ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲೇ ಬರೆದಿದ್ದಾರೆ, ರಸ್ತೆಯ ಜಾಗ ಹಂಚುವಾಗ ವಾಹನಗಳಿಗಿಂತ ಜನರನ್ನು ಮುಂದಿಟ್ಟುಕೊಳ್ಳಬೇಕು ಅಂತ. ಬರೆದು ಇಷ್ಟು ವರ್ಷವಾಯಿತು.

ನಾನು ಮಗಳ ವಯಸ್ಸಿನಲ್ಲಿದ್ದಾಗ ಇದೇ ಊರಲ್ಲಿ ಸೈಕಲ್ ಹೊಡೆದಿದ್ದೇನೆ. 90ರ ದಶಕ. ಬ್ರೂಸ್‌ಪೇಟೆ ಹತ್ತಿರ ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ ಸಿಗುತ್ತಿದ್ದವು. ಅಂಗಡಿಯವರು ನೋಟ್‌ಬುಕ್ಕಿನಲ್ಲಿ ಹೆಸರು, ಹೊತ್ತು ಬರೆದುಕೊಳ್ಳುತ್ತಿದ್ದರು. ಸೀಟಿನ ಮೇಲೆ ಕೂತರೆ ಪೆಡಲ್ ಎಟುಕುತ್ತಿರಲಿಲ್ಲ. ಬಾರಿನ ಕೆಳಗಿಂದ ಒಂದು ಕಾಲು ಆಚೆ ತೂರಿಸಿ, ಸೊಂಟ ಡೊಂಕು ಮಾಡಿಕೊಂಡೇ ಕಲಿತೆ. ಬಿದ್ದು ಮೊಣಕಾಲು ಕೆತ್ತಿಹೋಗಿತ್ತು. ಆ ಗುರುತು ಈಗಲೂ ಇದೆ. ಮೋತಿ ಸರ್ಕಲ್, ರಾಯಲ್ ಸರ್ಕಲ್, ಕೌಲ್ ಬಜಾರ್, ಎಲ್ಲ ಕಡೆ ನಾನು ಮತ್ತು ನನ್ನ ಗೆಳತಿ ಹೋಗಿದ್ದೇವೆ. ಅಮ್ಮನ ತಕರಾರು ಒಂದೇ, ಕತ್ತಲಾಗುವುದರೊಳಗೆ ಬರಬೇಕು.

ಆಮೇಲೆ ಗಣಿಯ ಕಾಲ ಬಂತು. 2000ದ ನಂತರದ ಆ ಹತ್ತು ವರ್ಷ ನೋಡಿದವರಿಗೆ ಗೊತ್ತು. ಸಂಡೂರು, ಹೊಸಪೇಟೆ ಕಡೆಯ ರಸ್ತೆಗಳಲ್ಲಿ ಅದಿರಿನ ಲಾರಿಗಳ ಸಾಲು. ರಸ್ತೆ ಬದಿಯ ಗಿಡದ ಎಲೆಯೂ ಕೆಂಪು, ಒಣಗಲು ಹಾಕಿದ ಬಟ್ಟೆಯೂ ಕೆಂಪು. ಆ ಲಾರಿಗಳ ನಡುವೆ ಸೈಕಲ್ ಹೊಡೆಯಲು ಯಾರಿಗೆ ಧೈರ್ಯ ಬರುತ್ತದೆ? 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮುಂದೆ ಷರತ್ತುಗಳ ಮೇಲೆ ಮತ್ತೆ ಶುರುವಾಯಿತು, ಆ ಮಾತು ಬೇರೆ. ಆದರೆ ಆ ಹತ್ತು ವರ್ಷದಲ್ಲಿ ಊರಿನ ಮನಸ್ಸು ಬದಲಾಗಿತ್ತು. ದೊಡ್ಡ ಗಾಡಿ ಅಂದರೆ ಗೌರವ ಅಂತಾಯಿತು. ಸೈಕಲ್ ಅಂದರೆ ಪಾಪ, ಬೇರೆ ದಾರಿ ಇಲ್ಲದವರದು ಅಂತಾಯಿತು. ನನಗೆ ಜಾಸ್ತಿ ನೋವು ಕೊಡುವುದು ಈ ಎರಡನೆಯದು.

ಕಾರು ಬೇಕಾ, ಬಸ್ಸು ಬೇಕಾ, ಸೈಕಲ್ ಬೇಕಾ ಅನ್ನುವ ವಾದ ನಮ್ಮಲ್ಲಿ ಬೆಂಗಳೂರಿನ ವಾದವಾಗಿಯೇ ಬರುತ್ತದೆ. ಮೆಟ್ರೋ, ಫ್ಲೈಓವರ್, ಟನಲ್. ಟೀವಿಯಲ್ಲಿ ನೋಡಿ ನಮ್ಮೂರಿಗೆ ಇದೆಲ್ಲ ಸಂಬಂಧವಿಲ್ಲ ಅಂತ ಸುಮ್ಮನಾಗುತ್ತೇವೆ. ಆದರೆ ಬೆಂಗಳೂರಿನಲ್ಲಿ ಆಫೀಸು ಇಪ್ಪತ್ತು ಕಿಲೋಮೀಟರ್ ದೂರ ಇರಬಹುದು. ಬಳ್ಳಾರಿಯಲ್ಲಿ ಬಹಳ ಜನರ ದಿನದ ಓಡಾಟ ನಾಲ್ಕೈದು ಕಿಲೋಮೀಟರ್ ಒಳಗೇ ಮುಗಿಯುತ್ತದೆ. ಕಾರಿಲ್ಲದೆ ಬದುಕಲು ಇಂಥ ಊರೇ ಸುಲಭ. ಕೈ ತಪ್ಪಿದ ಮೇಲೆ ಸರಿ ಮಾಡಲು ಬೆಂಗಳೂರು ಎಷ್ಟು ಒದ್ದಾಡುತ್ತಿದೆ ಅಂತ ನೋಡುತ್ತಿದ್ದೇವಲ್ಲ. ನಮ್ಮದು ಇನ್ನೂ ಪೂರ್ತಿ ಕೈ ತಪ್ಪಿಲ್ಲ.

‘ರಸ್ತೆ ಅಗಲ ಮಾಡಿದರೆ ಸರಿಹೋಗುತ್ತೆ’ ಅನ್ನುತ್ತಾರೆ ನಮ್ಮ ಮನೆಯವರು. ಈ ವಿಷಯದಲ್ಲಿ ನಮ್ಮಿಬ್ಬರಿಗೂ ಬಹಳ ವಾದ ಆಗಿದೆ. ನಾನು ಅವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಕಥೆ ಹೇಳುತ್ತೇನೆ. ಅವರ ಊರು ಮಾನ್ವಿ ಕಡೆ, ಕಾಲುವೆಯ ಕೊನೆ ಭಾಗ. ಕಾಲುವೆಗೆ ನೀರು ಜಾಸ್ತಿ ಬಿಟ್ಟರೆ ಏನಾಗುತ್ತದೆ? ಮೇಲ್ಭಾಗದಲ್ಲಿ ಇನ್ನಷ್ಟು ಗದ್ದೆಗೆ ಭತ್ತ ಹಾಕುತ್ತಾರೆ. ಕೊನೆ ಭಾಗದವರು ಅದೇ ಒಣ ಕಾಲುವೆ ನೋಡುತ್ತಾ ಕೂರುತ್ತಾರೆ. ಅದಕ್ಕೇ ಯಾವ ಬೆಳೆ ಬೆಳೆಯಬೇಕು ಅಂತ ನಿಯಮ ಮಾಡಿದ್ದು, ಅದನ್ನು ಪಾಲಿಸದಿದ್ದರೆ ಎಷ್ಟು ನೀರು ಬಿಟ್ಟರೂ ಸಾಲದು. ರಸ್ತೆಯೂ ಹಾಗೇ. ಅಗಲ ಮಾಡಿದ ಜಾಗಕ್ಕೆ ಹೊಸ ಕಾರು ಬರುತ್ತವೆ. ಅಮೆರಿಕದ ಹ್ಯೂಸ್ಟನ್ ಊರಿನಲ್ಲಿ ಕೇಟಿ ಫ್ರೀವೇ ಅನ್ನುವ ಹೆದ್ದಾರಿಯನ್ನು 2008ರ ಹೊತ್ತಿಗೆ ಕೆಲವು ಕಡೆ 26 ಲೇನಿನ ತನಕ ಅಗಲ ಮಾಡಿದರು. ಕೆಲವೇ ವರ್ಷಗಳಲ್ಲಿ ಬೆಳಗ್ಗೆ, ಸಂಜೆ ಅಲ್ಲಿ ಹೋಗಿಬರಲು ಹಿಡಿಯುವ ಹೊತ್ತು ಮತ್ತೆ ಏರಿತು. ಇಪ್ಪತ್ತಾರು ಲೇನು! ನಮ್ಮ ತೇರು ಬೀದಿಯಂಥ ಎಷ್ಟು ಬೀದಿಗಳನ್ನು ಪಕ್ಕಪಕ್ಕ ಇಡಬೇಕು ಅಷ್ಟಾಗಲು?

ಮಾನ್ವಿಯ ಮಾತು ಬಂದಾಗ ನಮ್ಮವರು ಸುಮ್ಮನಾದರು. ಒಪ್ಪಿದರು ಅಂತ ಹೇಳಲಾರೆ.

ನೆದರ್ಲೆಂಡ್ಸ್ ಬಗ್ಗೆ ಓದಿದ್ದು ನನ್ನನ್ನು ಇನ್ನೂ ಜಾಸ್ತಿ ಕಾಡಿತು. ಆ ದೇಶದವರಿಗೆ ಸೈಕಲ್ ಹುಟ್ಟಿನಿಂದಲೇ ಬಂದಿದೆ, ನಮಗೆ ಅದೆಲ್ಲ ಆಗಿಬರುವುದಿಲ್ಲ ಅಂತ ನಾನೂ ಅಂದುಕೊಂಡಿದ್ದೆ. ಹಾಗಿಲ್ಲ. ಎರಡನೇ ಮಹಾಯುದ್ಧದ ನಂತರ ಅಲ್ಲೂ ಕಾರು ಹೆಚ್ಚಿದವು, ಸೈಕಲ್ ಮೂಲೆ ಸೇರಿದವು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಜಾಸ್ತಿ ಮಕ್ಕಳು. ಪತ್ರಕರ್ತರೊಬ್ಬರು ತಮ್ಮ ಮಗಳನ್ನು ಹೀಗೆ ಕಳೆದುಕೊಂಡಿದ್ದರು. ಅವರು ಬರೆದ ಲೇಖನದಿಂದ ‘ಮಕ್ಕಳ ಕೊಲೆ ನಿಲ್ಲಿಸಿ’ ಅನ್ನುವ ಚಳವಳಿ ಹುಟ್ಟಿತು. ತಂದೆ ತಾಯಿಯರು ಬೀದಿಗಿಳಿದರು. ರಸ್ತೆ ಮುಚ್ಚಿ ಮೇಜು ಹಾಕಿ ಊಟ ಮಾಡಿದರು, ಮಕ್ಕಳನ್ನು ಆಡಲು ಬಿಟ್ಟರು. 1973ರಲ್ಲಿ ಪೆಟ್ರೋಲ್ ಅಭಾವ ಬಂತು, ಭಾನುವಾರ ಕಾರು ಓಡಿಸಬಾರದು ಅಂತ ಸರ್ಕಾರ ಹೇಳಿತು. ಜನ ಖಾಲಿ ರಸ್ತೆ ನೋಡಿದರು. ಅಲ್ಲಿಂದ ನಿಧಾನವಾಗಿ ಇವತ್ತಿನ ಸೈಕಲ್ ದಾರಿಗಳಾದವು.

ಆ ತಾಯಂದಿರಿಗೂ ನನ್ನ ಹಾಗೇ ಭಯವಾಗಿತ್ತು ಅಲ್ವಾ? ನನ್ನ ಭಯ ನನ್ನನ್ನು ಕಾರಿನೊಳಗೆ ಕೂರಿಸಿತು. ಅವರ ಭಯ ಅವರನ್ನು ಬೀದಿಗೆ ತಂದಿತು.

ನಮ್ಮ ದೇಶದಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ 1.68 ಲಕ್ಷ ಜನ ಸತ್ತರು. ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಜನ ನಡೆದು ಹೋಗುತ್ತಿದ್ದವರು. ಶಾಲೆ ಬಿಡುವ ಹೊತ್ತಿಗೆ ನಮ್ಮ ಶಾಲೆಯ ಗೇಟಿನ ಮುಂದೆ ನಿಂತು ನೋಡಿದರೆ ಎದೆ ಝಲ್ಲೆನ್ನುತ್ತದೆ. ಕಾರುಗಳು ಎರಡು ಸಾಲು ನಿಂತಿರುತ್ತವೆ. ಅವುಗಳ ಸಂದಿನಿಂದ ಚಿಕ್ಕ ಮಕ್ಕಳು ಹೊರಗೆ ಬರುತ್ತಾರೆ. ಹಿಂದೆ ಸರಿಯುತ್ತಿರುವ ಕಾರಿನ ಡ್ರೈವರ್‌ಗೆ ಅವರ ತಲೆ ಕಾಣುವುದಿಲ್ಲ. ಅಲ್ಲಿರುವ ಕಾರಿನವರೆಲ್ಲ ತಮ್ಮ ಮಗುವಿನ ಮೇಲಿನ ಪ್ರೀತಿಯಿಂದಲೇ ಬಂದವರು. ಅವರಲ್ಲಿ ಯಾರನ್ನು ಕೆಟ್ಟವರು ಅನ್ನಲಿ?

ಬಸ್ಸಿನ ವಿಷಯಕ್ಕೆ ಬರುತ್ತೇನೆ. ನನ್ನ ತವರು ಸಿರುಗುಪ್ಪ ಕಡೆ ಒಂದು ಹಳ್ಳಿ. ಅಲ್ಲಿಗೆ ವಸ್ತಿ ಬಸ್ಸು ಬರುತ್ತಿತ್ತು. ರಾತ್ರಿ ಬಂದು ಗುಡಿ ಮುಂದೆ ನಿಲ್ಲುವುದು, ಬೆಳಗಿನ ಜಾವ ಹೊರಡುವುದು. ಡ್ರೈವರ್, ಕಂಡಕ್ಟರ್ ಇಬ್ಬರೂ ಊರಲ್ಲೇ ಮಲಗುತ್ತಿದ್ದರು. ನಮ್ಮ ಮನೆಯಿಂದಲೂ ಎಷ್ಟೋ ಸಲ ರೊಟ್ಟಿ, ಪಲ್ಯ, ಮಜ್ಜಿಗೆ ಹೋಗಿದೆ. ಬೆಳಗ್ಗೆ ಇಂಜಿನ್ ಶುರುವಾದ ಸದ್ದಿಗೆ ಊರು ಏಳುತ್ತಿತ್ತು. ಹಾಲಿನವರು, ಕಾಲೇಜು ಹುಡುಗರು, ಆಸ್ಪತ್ರೆಗೆ ಹೋಗುವವರು, ಕೋರ್ಟಿಗೆ ಹೋಗುವವರು, ಎಲ್ಲರೂ ಅದರಲ್ಲೇ. ಯಾರಾದರೂ ಬರುವುದು ತಡವಾದರೆ ಕಂಡಕ್ಟರೇ ಬಾಗಿಲಲ್ಲಿ ನಿಂತು ಕೂಗುತ್ತಿದ್ದರು, ‘ಗೌಡ್ರು ಬಂದಿಲ್ಲ, ತಡಿಯಪ್ಪ’. ಆ ಬಸ್ಸನ್ನು ನಂಬಿಕೊಂಡು ಜನ ಬದುಕು ಕಟ್ಟಿಕೊಂಡಿದ್ದರು. ಬಸ್ಸು ಬರುತ್ತದೆ ಅಂತ ಖಾತ್ರಿ ಇದ್ದರೆ ಜನ ಗಾಡಿ ಕೊಳ್ಳುವ ಗೋಜಿಗೆ ಹೋಗುವುದಿಲ್ಲ. ಖಾತ್ರಿ ತಪ್ಪಿದ ದಿನ ಸಾಲ ಮಾಡಿಯಾದರೂ ಬೈಕ್ ತರುತ್ತಾರೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಅದರ ಬಗ್ಗೆ ಯಾರು ಏನೇ ಹೇಳಲಿ, ನಮ್ಮ ಚಿಕ್ಕಮ್ಮನ ಮುಖದಲ್ಲಿ ನಾನು ಕಂಡದ್ದನ್ನು ಯಾರೂ ಸುಳ್ಳು ಮಾಡಲಾರರು. ಅರವತ್ತು ದಾಟಿದವರು. ಅಲ್ಲಿಯ ತನಕ ಬಳ್ಳಾರಿಗೆ ಬರಬೇಕಾದರೆ ಮಗನ ಹತ್ತಿರ ದುಡ್ಡು ಕೇಳಬೇಕಿತ್ತು. ಈಗ ಆಧಾರ್ ಕಾರ್ಡನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಒಬ್ಬರೇ ಬರುತ್ತಾರೆ. ‘ಸುಮ್ನೆ ನಿನ್ನ ನೋಡಾಕ ಬಂದೆ’ ಅನ್ನುತ್ತಾರೆ. ಸುಮ್ನೆ ಬರುವುದು, ಅದು ಅವರಿಗೆ ಹೊಸದು. ಆದರೆ ಜನ ಹೆಚ್ಚಾದಂತೆ ಬಸ್ಸೂ ಹೆಚ್ಚಬೇಕು. ಬಾಗಿಲಲ್ಲಿ ನೇತಾಡಿಕೊಂಡು ಹೋಗುವ ಹುಡುಗರನ್ನು ನೋಡಿದರೆ ಭಯವಾಗುತ್ತದೆ. ಅವರೇ ನಾಳೆ ಕಂತಿನಲ್ಲಿ ಬೈಕ್ ತೆಗೆದುಕೊಳ್ಳುವವರು.

ಊರೊಳಗಿನ ಬಸ್ಸಿಗೆ ನಾನು ಕೇಳುವುದು ದೊಡ್ಡದೇನಲ್ಲ. ನಿಲ್ದಾಣದಲ್ಲಿ ಹೊತ್ತು ಬರೆದ ಒಂದು ಬೋರ್ಡು, ಆ ಹೊತ್ತಿಗೆ ಬರುವ ಬಸ್ಸು. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಹೋಗಿದ್ದೇನೆ. ಸುಮಾರು 22 ಕಿಲೋಮೀಟರ್ ದಾರಿ, ಬಹುತೇಕ ಕಡೆ ಬಸ್ಸಿಗೇ ಬೇರೆ ಹಾದಿ. ಅದರ ಮೇಲೂ ದೂರುಗಳಿವೆ, ಉಳಿದ ಗಾಡಿಗಳಿಗೆ ಇಕ್ಕಟ್ಟು, ರಸ್ತೆ ದಾಟಲು ಕಷ್ಟ ಅಂತ. ನಮ್ಮೂರಿಗೆ ಅಂಥದ್ದು ಬೇಕಿಲ್ಲ. ಆದರೆ ಕೂಸನ್ನು ಎತ್ತಿಕೊಂಡಿದ್ದ ಒಬ್ಬ ತಾಯಿ ಪ್ಲಾಟ್‌ಫಾರ್ಮಿನಿಂದ ಮೆಟ್ಟಿಲು ಹತ್ತದೆ ನೇರವಾಗಿ ಬಸ್ಸಿನೊಳಗೆ ಕಾಲಿಟ್ಟದ್ದು ನೋಡಿದೆ. ಅಷ್ಟು ಮರ್ಯಾದೆ ನಮ್ಮೂರಿನ ಬಸ್ಸು ಹತ್ತುವವರಿಗೂ ಸಿಗಲಿ ಅನ್ನಿಸಿತು.

ಇನ್ನು ಬಿಸಿಲು. ‘ಬಳ್ಳಾರಿ ಬಿಸಿಲಲ್ಲಿ ಸೈಕಲ್ಲಾ?’ ಅಂತ ಯಾರು ಬೇಕಾದರೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಆದರೆ ಕಂಟೋನ್ಮೆಂಟ್ ಕಡೆ ಹಳೇ ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನ ನಡೆದು ನೋಡಿ. ಅಲ್ಲಿಂದ ಮರವೇ ಇಲ್ಲದ ರಸ್ತೆಗೆ ತಿರುಗಿ ನೋಡಿ. ಒಲೆ ಮುಂದೆ ಹೋಗಿ ನಿಂತ ಹಾಗಾಗುತ್ತದೆ. ಬಿಸಿಲು ಒಂದೇ, ಊರೂ ಒಂದೇ. ರಸ್ತೆ ಅಗಲ ಮಾಡುವಾಗ ಮೊದಲು ಬೀಳುವುದು ಬದಿಯ ಬೇವಿನ ಮರ. ಆಮೇಲೆ ಬಿಸಿಲಿಗೆ ಹೆದರಿ ಜನ ಎಸಿ ಕಾರು ಹತ್ತುತ್ತಾರೆ. ಆ ಕಾರುಗಳಿಗೆ ಜಾಗ ಸಾಲದೆ ಮತ್ತೆ ರಸ್ತೆ ಅಗಲ. ದುಡ್ಡಿಲ್ಲ ಅಂತ ಹೇಳುವ ಹಾಗೂ ಇಲ್ಲ. ಗಣಿ ಕಂಪನಿಗಳು ಕಟ್ಟುವ ಜಿಲ್ಲಾ ಖನಿಜ ನಿಧಿ ನಮ್ಮ ಜಿಲ್ಲೆಗಿದೆ, ಗಣಿಯಿಂದ ನೊಂದ ಜನರಿಗಾಗಿಯೇ ಇರುವ ದುಡ್ಡು. ಕೆಂಪು ಧೂಳು ತಿಂದ ರಸ್ತೆಗಳಿಗೆ ಎರಡು ಸಾಲು ಬೇವು, ಹೊಂಗೆ ಹಾಕಲು, ಮಕ್ಕಳು ನಡೆಯಲು ಒಂದು ಅಖಂಡ ಫುಟ್‌ಪಾತ್ ಮಾಡಲು ಅದಕ್ಕಿಂತ ಸರಿಯಾದ ದುಡ್ಡು ಯಾವುದಿದೆ?

ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತ್ತು. ನಮ್ಮ ತವರಿನಿಂದ ಹೈಸ್ಕೂಲಿಗೆ ಹುಡುಗಿಯರು ಗುಂಪಾಗಿ, ಎರಡು ಜಡೆ ಹಾರಿಸಿಕೊಂಡು, ಕಾಲುವೆ ಏರಿಯ ಮೇಲೆ ಹೋಗುವುದನ್ನು ನಾನೇ ನೋಡಿದ್ದೇನೆ. ಏಳನೇ ತರಗತಿಗೆ ಶಾಲೆ ಬಿಡಬೇಕಿದ್ದವರು. ಕೊರೋನಾ ಸಮಯದಲ್ಲಿ ಅದು ನಿಂತಾಗ ಬಹಳ ಬೇಜಾರಾಯಿತು.

ಜುಲೈನಲ್ಲಿ ಮಗಳಿಗೆ ಸೈಕಲ್ ತಂದೆವು. ಮೊದಲ ವಾರ ನಾನು ಅವಳ ಜೊತೆ ಪಕ್ಕದ ಮನೆಯವರ ಸೈಕಲ್ ಹತ್ತಿ ಹೋದೆ. ಯಾವ ತಿರುವಿನಲ್ಲಿ ಕಾಲು ಊರಬೇಕು, ಲಾರಿ ಪಕ್ಕ ಯಾಕೆ ನಿಲ್ಲಬಾರದು, ಗೇಟು ಬಿದ್ದಿದ್ದರೆ ಕೆಳಗಿಂದ ಯಾಕೆ ತೂರಬಾರದು, ಎಲ್ಲ ಹೇಳಿಕೊಟ್ಟೆ. ಎರಡನೇ ವಾರ ಒಬ್ಬಳನ್ನೇ ಕಳಿಸಿದೆ. ಅವಳು ಶಾಲೆ ಸೇರಿರಬಹುದು ಅನ್ನುವ ಹೊತ್ತಿನ ತನಕ ಯಾವ ಕೆಲಸಕ್ಕೂ ಕೈ ಹೋಗುತ್ತಿರಲಿಲ್ಲ. ಕಾರು ಈಗಲೂ ಬಾಗಿಲಲ್ಲಿದೆ, ಅಪ್ಪನ ಚೆಕಪ್‌ಗೆ ಹೋಗುತ್ತದೆ. ಆಫೀಸಿಗೆ ನಾನು ವಾರದಲ್ಲಿ ಮೂರು ದಿನ ಬಸ್ಸು ಹಿಡಿಯುತ್ತೇನೆ, ಬರದಿದ್ದರೆ ಶೇರ್ ಆಟೋ.

ನಾಲ್ಕನೇ ವಾರ ಒಂದು ಸಂಜೆ ಅವಳು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಹತ್ತು ನಿಮಿಷ. ಹದಿನೈದು. ಕೀ ತೆಗೆದುಕೊಂಡು ಹೊರಗೆ ಬರುವಷ್ಟರಲ್ಲಿ ಫೋನು ಬಂತು. ಗೊತ್ತಿಲ್ಲದ ನಂಬರು.

‘ಅಮ್ಮ, ಪಂಚರ್. ಚಾಚಾ ಅಂಗಡಿಯಿಂದ ಮಾಡ್ತಿದೀನಿ.’

ಚಾಚಾನ ಅಂಗಡಿ ಅಂದರೆ ಒಂದು ಬೇವಿನ ಮರ, ಒಂದು ಪೆಟ್ಟಿಗೆ, ನೀರು ತುಂಬಿದ ಒಂದು ಬೋಗುಣಿ. ನಡೆದೇ ಹೋದೆ. ಅವರು ಟ್ಯೂಬನ್ನು ಇಷ್ಟಿಷ್ಟೇ ನೀರಿಗೆ ಅದ್ದುತ್ತಾ ಬಂದರು. ಒಂದು ಕಡೆ ಸಣ್ಣ ಗುಳ್ಳೆಗಳು ಎದ್ದವು. ಅಲ್ಲಿ ಒರೆಸಿ, ಉಜ್ಜುಕಾಗದದಿಂದ ತಿಕ್ಕಿ, ಸಲ್ಯೂಷನ್ ಹಚ್ಚಿ ಊದಿ ಆರಿಸಿದರು. ಪ್ಯಾಚ್ ಅಂಟಿಸಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಆಮೇಲೆ ಟೈರಿನ ಒಳಗೆ ಬೆರಳಾಡಿಸಿ ಒಂದು ಮುಳ್ಳು ಹೊರಗೆ ತೆಗೆದು ಮಗಳ ಅಂಗೈಯಲ್ಲಿಟ್ಟರು. ಬಳ್ಳಾರಿ ಜಾಲಿ. ಉದ್ದ ಮುಳ್ಳು.

‘ಮೇಡಂ, ಈಗ ಮಕ್ಕಳ ಸೈಕಲ್ ಬರೋದೇ ಕಮ್ಮಿ ಆಗಿದೆ’ ಅಂದರು. ‘ಮೊದಲು ಶಾಲೆ ಬಿಟ್ಟರೆ ಇಲ್ಲಿ ಸಾಲು ನಿಲ್ಲೋರು.’

ಮಗಳು ಆ ಮುಳ್ಳನ್ನು ಕಂಪಾಸ್ ಬಾಕ್ಸಿನಲ್ಲಿ ಹಾಕಿಕೊಂಡಳು. ಗಾಳಿ ತುಂಬಿದ ಮೇಲೆ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ‘ನೀನು ನಡ್ಕೊಂಡು ಬಾ, ನಾನು ಹೋಗಿರ್ತೀನಿ’ ಅಂದು ಹೊರಟೇಬಿಟ್ಟಳು.